ಓದುಗರ ಪ್ರಶ್ನೆ: ಹಕ್ಕಿಗಳ ಗುರುತು ಇಲ್ಲದವರು ನಿಸರ್ಗ ಬಳಗಕ್ಕೆ ಸೇರಬಹುದೇ?

ಪ್ರಶ್ನೆ: ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದ ನಾನು ಈ ವರ್ಷ ನಿವೃತ್ತಳಾಗಿದ್ದೇನೆ. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆದಾಡುವಾಗ ಬೈನಾಕ್ಯುಲರ್ ಹಿಡಿದ ಬಳಗವೊಂದನ್ನು ಆಗಾಗ ಕಾಣುತ್ತೇನೆ. ಅವರೊಡನೆ ಸ್ವಯಂಸೇವಕಿಯಾಗಿ ಕೆಲಸ ಮಾಡುವ ಆಸೆಯಿದೆ. ಆದರೆ ಕಾಗೆ, ಗುಬ್ಬಿ, ಬೆಳ್ಳಕ್ಕಿಗಳನ್ನು ಬಿಟ್ಟರೆ ಬೇರೆ ಹಕ್ಕಿಗಳ ಪರಿಚಯ ನನಗಿಲ್ಲ. ನನ್ನಿಂದ ಅವರಿಗೆ ಏನು ಪ್ರಯೋಜನ?
– ಓದುಗರೊಬ್ಬರು, ಮೈಸೂರು

ಉತ್ತರ: ದಯವಿಟ್ಟು ಸಂಕೋಚ ಬಿಟ್ಟು ಸೇರಿಕೊಳ್ಳಿ. ಬಲ್ಲವರ ಜೊತೆ ಒಂದು ಚಳಿಗಾಲ ಕಳೆದರೆ ನಾಮದ ಕೋಳಿ, ಗುಳುಮುಳುಕ, ನೀರುಕಾಗೆಗಳ ಗುರುತು ತಾನಾಗಿ ಹತ್ತುತ್ತದೆ. ಇಂಥ ಬಳಗಗಳಿಗೆ ನಿಜವಾಗಿ ಕೊರತೆಯಿರುವುದು ಹೆಸರು ಬಲ್ಲವರದಲ್ಲ, ಒಪ್ಪಿಕೊಂಡ ದಿನ ತಪ್ಪದೆ ಬರುವವರದು.

ಏಷ್ಯಾದ ಹಲವು ದೇಶಗಳಲ್ಲಿ 1987ರಿಂದ ಪ್ರತಿ ಜನವರಿಯಲ್ಲಿ ನೀರುಹಕ್ಕಿಗಳ ಗಣತಿ ನಡೆಯುತ್ತಿದೆ. ನಮ್ಮ ಕೆರೆಗಳಲ್ಲಿ ಈ ಕೆಲಸವನ್ನು ಹೆಚ್ಚಾಗಿ ಹವ್ಯಾಸಿಗಳೇ ಮಾಡುತ್ತಾರೆ. ಒಬ್ಬರು ಬೈನಾಕ್ಯುಲರ್‌ನಲ್ಲಿ ನೋಡುತ್ತ ಹೇಳಿದರೆ ಇನ್ನೊಬ್ಬರು ಬರೆದುಕೊಳ್ಳುತ್ತಾರೆ. ಬರೆಯುವವರದು ಸಣ್ಣ ಕೆಲಸವೆಂದು ಭಾವಿಸಬೇಡಿ. ಎಷ್ಟು ಗಂಟೆಗೆ ಆರಂಭಿಸಿದೆವು, ನೀರು ಎಲ್ಲಿಯವರೆಗೆ ನಿಂತಿದೆ, ಯಾವ ದಡದಲ್ಲಿ ಕಟ್ಟಡದ ಅವಶೇಷ ಸುರಿದಿದ್ದಾರೆ, ಯಾವ ಮೂಲೆಯಲ್ಲಿ ಜೊಂಡು ಕಿತ್ತಿದ್ದಾರೆ ಎಂಬುದೆಲ್ಲ ಅವರ ಪುಸ್ತಕದಲ್ಲಿರಬೇಕು. ಮುಂದೊಂದು ದಿನ ಆ ಕೆರೆಯ ಪರವಾಗಿ ನಗರಪಾಲಿಕೆಯ ಮುಂದೆ ಮನವಿ ಇಡಬೇಕಾದಾಗ ಕೈಗೆ ಬರುವ ಸಾಕ್ಷ್ಯ ಅದೊಂದೇ ಆಗಿರಬಹುದು. ಎಣಿಕೆಯೂ ಕಲಿತರೆ ಬರುವ ವಿದ್ಯೆ: ದೊಡ್ಡ ಹಿಂಡಿನಲ್ಲಿ ಮೊದಲು ಹತ್ತು ಹಕ್ಕಿಗಳನ್ನು ಒಂದೊಂದಾಗಿ ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿದಿವೆ ಎಂಬುದನ್ನು ಕಣ್ಣಳತೆಯಲ್ಲಿ ಇಟ್ಟುಕೊಂಡು, ಅದೇ ಅಳತೆಯಲ್ಲಿ ಹಿಂಡಿನ ಕೊನೆಯವರೆಗೆ ಸಾಗುತ್ತಾರೆ. ಗುಳುಮುಳುಕ ಮಾತ್ರ ಈ ಲೆಕ್ಕಕ್ಕೆ ಸಿಗದು. ಮುಳುಗಿದ್ದು ಎಲ್ಲಿ ಏಳುತ್ತದೆಂದು ಹೇಳಲಾಗದ ಕಾರಣ ಎರಡು ಮೂರು ಸಲ ಎಣಿಸಬೇಕಾಗುತ್ತದೆ.

ಹವ್ಯಾಸಿಗಳ ಕೆಲಸ ಎಲ್ಲಿಯವರೆಗೆ ಬೆಳೆಯಬಲ್ಲದು ಎಂಬುದಕ್ಕೆ ನಿಮ್ಮ ಊರಿಗೆ ದೂರವಲ್ಲದ ಕೊಕ್ಕರೆಬೆಳ್ಳೂರನ್ನೇ ನೋಡಬಹುದು. ಮದ್ದೂರು ತಾಲ್ಲೂಕಿನ ಆ ಹಳ್ಳಿಯಲ್ಲಿ ಹೆಜ್ಜಾರ್ಲೆಗಳೂ (ಪೆಲಿಕನ್) ಬಣ್ಣದ ಕೊಕ್ಕರೆಗಳೂ ಮನೆಗಳ ನಡುವಿನ ಹುಣಸೆ, ಅರಳಿ ಮರಗಳಲ್ಲೇ ಗೂಡು ಕಟ್ಟುತ್ತವೆ. ಗೂಡಿನಿಂದ ಜಾರಿ ನೆಲಕ್ಕೆ ಬಿದ್ದ ಮರಿ ಉಳಿಯುವುದು ಕಷ್ಟ. ಮೈಸೂರು ಅಮೆಚೂರ್ ನ್ಯಾಚುರಲಿಸ್ಟ್ಸ್ ಎಂಬ ಹವ್ಯಾಸಿಗಳ ಸಂಘಟನೆ ಅಲ್ಲಿನ ಯುವಕರೊಡನೆ ಸೇರಿ ಕೆಲಸಕ್ಕಿಳಿದಾಗ ಹೆಜ್ಜಾರ್ಲೆ ಬಳಗ ರೂಪುಗೊಂಡಿತು. ಬಿದ್ದ ಮರಿಗಳನ್ನು ಆವರಣವೊಂದರಲ್ಲಿಟ್ಟು, ಮೀನು ತಿನ್ನಿಸಿ, ರೆಕ್ಕೆ ಬಲಿತ ಮೇಲೆ ಹಾರಿಬಿಡುವ ಕೆಲಸವನ್ನು ಊರಿನವರೇ ವಹಿಸಿಕೊಂಡರು. 2007ರಲ್ಲಿ ಆ ಊರು ಸಮುದಾಯ ಮೀಸಲು ಪ್ರದೇಶ, ಅಂದರೆ ಊರಿನವರ ಸಹಭಾಗಿತ್ವದಲ್ಲಿ ಕಾಪಾಡುವ ತಾಣವಾಯಿತು. ಹೊರಗಿನಿಂದ ಹೋದ ಬಳಗ ಬುದ್ಧಿ ಹೇಳಿ ಹಿಂದಿರುಗದೆ ಊರಿನವರನ್ನೇ ಮುಂದೆ ನಿಲ್ಲಿಸಿದ್ದು ಆ ಕೆಲಸದ ತಿರುಳು ಎಂದು ನಾನು ನಂಬಿದ್ದೇನೆ.

ಇನ್ನು ನಿಮ್ಮ ವೃತ್ತಿಯ ಮಾತು. ಹಕ್ಕಿಗಳನ್ನು ಬಲ್ಲವರೆಲ್ಲರಿಗೂ ನಲವತ್ತು ಮಕ್ಕಳನ್ನು ಕೆರೆಯ ದಡದಲ್ಲಿ ಸುಮ್ಮನೆ ನಿಲ್ಲಿಸಲು ಬರುವುದಿಲ್ಲ, ನಿಮಗೆ ಬರುತ್ತದೆ. ಮಕ್ಕಳಿಗೆ ಹೆಸರುಗಳ ಪಟ್ಟಿ ಒಪ್ಪಿಸುವ ಬದಲು, ಆ ಹಕ್ಕಿ ಏನು ಮಾಡುತ್ತಿದೆ ಎಂದು ಕೇಳಿ. ಕೆಸರಿನ ಬಣ್ಣದ ಕೊಳದ ಬಕ ಕಣ್ಣಿಗೆ ಬೀಳದಂತೆ ನಿಂತಿದ್ದು, ಹಾರಿದೊಡನೆ ಅಚ್ಚ ಬಿಳಿಯ ರೆಕ್ಕೆ ತೆರೆಯುವುದನ್ನು ಒಮ್ಮೆ ಕಂಡ ಮಗು ಮರೆಯುವುದಿಲ್ಲ. ಬಯಲಿನಲ್ಲಿ ಟಿಟ್ಟಿಭ ಕೂಗುತ್ತ ನಿಮ್ಮ ತಲೆಯ ಮೇಲೆಯೇ ಸುತ್ತತೊಡಗಿದರೆ ಅದರ ಮೊಟ್ಟೆಯೋ ಮರಿಯೋ ಹತ್ತಿರದಲ್ಲೇ ಇದೆಯೆಂದು ತಿಳಿಯಬೇಕು. ಮೊಟ್ಟೆಗಳು ನೆಲದ ಕಲ್ಲುಗಳ ನಡುವೆ ಬೇರೆಯಾಗಿ ಕಾಣುವುದೇ ಇಲ್ಲವಾದ್ದರಿಂದ ಹುಡುಕಲು ಬಿಡದೆ ಮಕ್ಕಳನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಕರೆದುಕೊಂಡು ಬನ್ನಿ, ಕಾರಣವನ್ನು ದೂರ ಬಂದ ಮೇಲೆ ವಿವರಿಸಿ.

ಯಾವುದೇ ಬಳಗವನ್ನು ಸೇರುವ ಮುನ್ನ ಒಂದೆರಡು ಸಲ ಅವರೊಡನೆ ಹೋಗಿ ನೋಡಿ. ಫೋಟೊಗಾಗಿ ಗೂಡಿನ ಮುಂದಿನ ಕೊಂಬೆ ಸರಿಸುವವರು, ಹಕ್ಕಿ ಹಾರಲೆಂದು ಕಲ್ಲೆಸೆಯುವವರು ಅಲ್ಲಿದ್ದು, ಅವರನ್ನು ಯಾರೂ ತಡೆಯದಿದ್ದರೆ ಆ ಬಳಗ ನಿಮಗೆ ತಕ್ಕುದಲ್ಲ.

ಪ್ರಶ್ನೆ: ನಾನು ಪದವಿ ವಿದ್ಯಾರ್ಥಿ. ಮಾಗಡಿ ಕೆರೆಗೆ ಬರುವ ಹಕ್ಕಿಗಳನ್ನು ನೋಡುತ್ತ ಬೆಳೆದವನು. ನಮ್ಮ ಕಡೆ ನಿಸರ್ಗ ಬಳಗವೊಂದು ಇಲ್ಲ. ಒಬ್ಬನೇ ಏನು ಮಾಡಬಹುದು?
– ಓದುಗರೊಬ್ಬರು, ಗದಗ ಜಿಲ್ಲೆ

ಉತ್ತರ: ನೀವು ಹೇಳುವ ಕೆರೆ 2024ರಲ್ಲಿ ರಾಮ್ಸಾರ್ ತಾಣಗಳ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ಪಟ್ಟಿಗೆ ಸೇರಿದೆ. ಹಿಮಾಲಯದಾಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲ ಕಳೆಯಲು ಅಲ್ಲಿಗೆ ಬರುತ್ತವೆ. ವಾರಕ್ಕೊಮ್ಮೆ ಅದೇ ಜಾಗದಲ್ಲಿ, ಅದೇ ಹೊತ್ತಿನಲ್ಲಿ ಕನಿಷ್ಠ ಹದಿನೈದು ನಿಮಿಷ ನಿಂತು, ಗುರುತಿಸಿದ ಹಕ್ಕಿಗಳೆಲ್ಲವನ್ನೂ ಎಣಿಸಿ, ಹಕ್ಕಿ ದಾಖಲೆಗಳ ಜಾಲತಾಣವಾದ ಇ-ಬರ್ಡ್‌ನಲ್ಲಿ ದಾಖಲಿಸಿರಿ, ಅದಕ್ಕೆ ಶುಲ್ಕವಿಲ್ಲ. ಅಪರೂಪದ್ದನ್ನಷ್ಟೇ ಬರೆದು ಗೊರವಂಕ, ಕಾಗೆಗಳನ್ನು ಬಿಟ್ಟರೆ ಪಟ್ಟಿ ಪೂರ್ಣವಾಗುವುದಿಲ್ಲ. ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ ಜಾಗತಿಕ ಹಕ್ಕಿ ಗಣತಿಯಾದ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್‌ನಲ್ಲಿ ಭಾರತ 2013ರಿಂದ ಭಾಗವಹಿಸುತ್ತಿದೆ. ಆ ದಿನಗಳಲ್ಲಿ ನಿಮ್ಮ ಕಾಲೇಜಿನ ಗೆಳೆಯರನ್ನು ಕೆರೆಗೆ ಕರೆದೊಯ್ದರೆ, ಮರುವಾರವೂ ಬರುವ ಇಬ್ಬರು ಮೂವರಾದರೂ ಸಿಕ್ಕಾರು. ಬಳಗ ಕಟ್ಟಲು ಆರಂಭಕ್ಕೆ ಅಷ್ಟು ಜನ ಸಾಕು.

ಹೆಬ್ಬಾತುಗಳು ಹಗಲು ನೀರಿನಲ್ಲಿ ವಿಶ್ರಮಿಸಿ, ಮೇಯಲು ಸುತ್ತಲಿನ ಹೊಲಗಳಿಗೆ ಇಳಿಯುತ್ತವೆ. ಆದ್ದರಿಂದ ಹೊಲದವರ ಮಾತನ್ನು ಮೊದಲು ಕೇಳಿ. ಯಾವ ಬೆಳೆಗೆ, ಯಾವ ತಿಂಗಳಲ್ಲಿ, ಎಷ್ಟು ಹಾನಿಯಾಯಿತು ಎಂದು ಅವರು ಹೇಳುವುದನ್ನೂ ಹಕ್ಕಿಗಳ ಲೆಕ್ಕದ ಪಕ್ಕದಲ್ಲೇ ಬರೆದಿಟ್ಟುಕೊಳ್ಳಿ, ಮತ್ತು ಅರಣ್ಯ ಇಲಾಖೆಯವರನ್ನು ಕಾಣಲು ಹೋದಾಗ ಎರಡನ್ನೂ ಒಟ್ಟಿಗೆ ಕೊಡಿ.