ದ ಲಾಸ್ ಬ್ಯಾಂಡ್‌ನ ಬೇರೆ ಆಲ್ಬಂಗಳು ಯಾವುವು?

ದೇರ್ ಶೀ ಗೋಸ್ ಹಾಡು ಇಷ್ಟವಾಯಿತು, ಈ ಬ್ಯಾಂಡ್‌ನ ಬೇರೆ ಆಲ್ಬಂ ಯಾವುದಿದೆ ಅಂತ ಕೇಳಿದ್ದೀರಿ. ಬೇರೆ ಇಲ್ಲ. ಸ್ಟುಡಿಯೋ ಆಲ್ಬಂ ಅಂತ ಇರುವುದು ಒಂದೇ. ಅದನ್ನೂ ಹಾಡಿದವನೇ ಬೈದ!

ಇವರು ಲಿವರ್‌ಪೂಲ್ ಹುಡುಗರು. ಅಲ್ಲಿನ ಆಡುಮಾತಲ್ಲಿ 'ಲಾ' ಅಂದರೆ ಹುಡುಗ, ನಮ್ಮ 'ಮಗಾ' ಇದ್ದ ಹಾಗೆ. ಬ್ಯಾಂಡ್ ಶುರು ಮಾಡಿದ್ದು ಮೈಕ್ ಬ್ಯಾಜರ್. ಆಮೇಲೆ ಅವನು ಹೊರಟುಹೋದ, ನಡುವೆ ಸೇರಿಕೊಂಡಿದ್ದ ಹಾಡುಗಾರ ಲೀ ಮೇವರ್ಸ್‌ನದೇ ಬ್ಯಾಂಡ್ ಆಯಿತು. ಬೇಸ್ ಗಿಟಾರ್‌ಗೆ ಜಾನ್ ಪವರ್. ಮಿಕ್ಕವರು ಬರುತ್ತಿದ್ದರು, ಹೋಗುತ್ತಿದ್ದರು.

ಗೋ ಡಿಸ್ಕ್ಸ್ ಅನ್ನೋ ರೆಕಾರ್ಡ್ ಕಂಪನಿ ಸಿಕ್ಕ ಮೇಲೆ ಶುರುವಾಯಿತು ತಾಪತ್ರಯ. ಅವೇ ಹಾಡು, ಮತ್ತೆ ಮತ್ತೆ ರೆಕಾರ್ಡಿಂಗ್. ಸ್ಟುಡಿಯೋ ಬದಲಾಯಿತು, ಪ್ರೊಡ್ಯೂಸರ್ ಬದಲಾದ, ಡ್ರಮ್ಮರ್ ಬದಲಾದ. ಮೇವರ್ಸ್‌ಗೆ ಯಾವುದೂ ಹಿಡಿಸಲಿಲ್ಲ. ಹಳೇ ಮಿಕ್ಸಿಂಗ್ ಡೆಸ್ಕ್ (ದನಿಗಳನ್ನು ಬೆರೆಸುವ ಯಂತ್ರ) ಕೊಟ್ಟರೆ, ಇದರ ಮೇಲೆ ಅರವತ್ತರ ದಶಕದ ಅಸಲಿ ಧೂಳಿಲ್ಲ ಅಂದನಂತೆ. ಕಟ್ಟುಕಥೆಯೇ ಇರಬಹುದು. ಆದರೂ ಈ ಬ್ಯಾಂಡ್ ಮಾತು ಬಂದರೆ ಧೂಳಿನ ಕಥೆಯೂ ಬಂದೇ ಬರುತ್ತೆ.

ಕೊನೆಗೆ ಪ್ರೊಡ್ಯೂಸರ್ ಸ್ಟೀವ್ ಲಿಲ್ಲಿವೈಟ್ ಜೊತೆ ಮಾಡುತ್ತಿದ್ದ ಕೆಲಸವನ್ನೂ ಅರ್ಧಕ್ಕೆ ಬಿಟ್ಟರು. ಕಂಪನಿ ಎಷ್ಟು ದಿನ ಕಾಯುತ್ತೆ ಹೇಳಿ? ಇದ್ದದ್ದನ್ನೇ ಹೊಂದಿಸಿ 1990ರಲ್ಲಿ ಆಲ್ಬಂ ಬಿಟ್ಟಿತು. 1988ರಲ್ಲಿ ಬಿಡುಗಡೆಯಾದಾಗ ಅಷ್ಟೇನೂ ಸದ್ದು ಮಾಡದ ದೇರ್ ಶೀ ಗೋಸ್ ಈ ಸಲ ಬ್ರಿಟನ್ ಚಾರ್ಟಿನಲ್ಲಿ 13ನೇ ಸ್ಥಾನಕ್ಕೆ ಬಂತು.

ಆ ಹಾಡನ್ನೇ ಹೆಡ್‌ಫೋನ್ ಹಾಕಿ ಕೇಳಿ. ಮೊದಲು ಗಿಟಾರ್ ಒಂದೇ. ಆ ತುಣುಕು ನನ್ನ ಬೆರಳಿಗೆ ಹತ್ತಲು ಒಂದು ವಾರ ಹಿಡಿಯಿತು, ಕೇಳೋಕೆ ಮಾತ್ರ ಸಲೀಸು. ಆಮೇಲೆ ಗಮನಿಸಿ, ಹಾಡಿಗೆ ಚರಣವೇ ಇಲ್ಲ! ಪಲ್ಲವಿಯೇ ತಿರುಗಿ ತಿರುಗಿ ಬರುತ್ತೆ, ನಡುವೆ ಒಂದು ಸಣ್ಣ ತಿರುವು. ಮೂರು ನಿಮಿಷದೊಳಗೆ ಮುಗಿದೇ ಹೋಯಿತು.

ಮೇವರ್ಸ್‌ಗೆ ಪರ್ಫೆಕ್ಷನ್ ಹುಚ್ಚು ಅಂತ ಎಲ್ಲರೂ ಬರೀತಾರೆ. ನನಗೆ ಹಾಗನ್ನಿಸಲ್ಲ. ಅವನಿಗೆ ನಯ ಬೇಕಿರಲಿಲ್ಲ, ಮೊದಮೊದಲ ಡೆಮೋಗಳ, ಅಂದರೆ ಕಚ್ಚಾ ರೆಕಾರ್ಡಿಂಗ್‌ಗಳ, ಒರಟುತನ ಬೇಕಿತ್ತು. ಸ್ಟುಡಿಯೋದಲ್ಲಿ ಜಾಸ್ತಿ ತಿದ್ದಿದಷ್ಟೂ ಕಳೆದುಹೋಗೋದು ಅದೇ ಅಲ್ವಾ?

ಪವರ್ 1991ರಲ್ಲಿ ಬಿಟ್ಟು ಹೋಗಿ ಕಾಸ್ಟ್ ಅನ್ನೋ ಬ್ಯಾಂಡ್ ಕಟ್ಟಿದ, ತೊಂಬತ್ತರ ದಶಕದಲ್ಲಿ ಬ್ರಿಟಿಷ್ ಗಿಟಾರ್ ಬ್ಯಾಂಡ್‌ಗಳು ಮೆರೆದ ಬ್ರಿಟ್‌ಪಾಪ್ ಕಾಲದಲ್ಲಿ ಚೆನ್ನಾಗಿ ಗೆದ್ದ. ಮೇವರ್ಸ್ 2005ರಲ್ಲಿ, 2011ರಲ್ಲಿ ಆಗೀಗ ವೇದಿಕೆ ಹತ್ತಿದ. ಹೊಸ ಆಲ್ಬಂ ಬರಲಿಲ್ಲ.

ಇನ್ನೂ ಬೇಕು ಅಂದರೆ 2006ರಲ್ಲಿ ಬಂದ ಬಿಬಿಸಿ ರೆಕಾರ್ಡಿಂಗ್‌ಗಳ ಸಂಗ್ರಹ ಹುಡುಕಿ. ಹೆಚ್ಚೂಕಡಿಮೆ ಅವೇ ಹಾಡುಗಳು, ಇನ್ನೂ ಹಸಿಹಸಿ. ನಾನು ಈಗ ಆಲ್ಬಂಗಿಂತ ಅದನ್ನೇ ಜಾಸ್ತಿ ಕೇಳ್ತೀನಿ.