ಲಾಯ್ಡ್ ಜಾರ್ಜ್ ಕುರ್ಚಿ ಯಾಕೆ ಅಲ್ಲಾಡಲಿಲ್ಲ ಅಂದ್ರೆ

ಮಂಡ್ಯದ ಗೆಳೆಯರೇ, ಸೆಕ್ರೆಟರಿ ಜೊತೆ ಅಷ್ಟು ವರ್ಷ ಸಂಬಂಧ ಇದ್ದೂ ಲಾಯ್ಡ್ ಜಾರ್ಜ್ ಬ್ರಿಟನ್ ಪ್ರಧಾನಿ ಆಗಿ ಉಳಿದಿದ್ದು ಹೇಗೆ ಅಂತ ಕೇಳಿದ್ದೀರಿ. ನನ್ನ ಲೆಕ್ಕದಲ್ಲಿ ಮುಖ್ಯ ಕಾರಣ ಹೆಂಡತಿ ಮಾರ್ಗರೆಟ್. ಆಕೆ ಬಾಯಿ ಬಿಟ್ಟಿದ್ದರೆ ಕಥೆ ಅಲ್ಲಿಗೇ ಮುಗೀತಿತ್ತು.

ಲಾಯ್ಡ್ ಜಾರ್ಜ್ ಹುಟ್ಟಿ ಎರಡು ವರ್ಷ ತುಂಬುವ ಮೊದಲೇ ತಂದೆ ತೀರಿಹೋದರು. ಸಾಕಿದ್ದು ವೇಲ್ಸ್‌ನ ಹಳ್ಳಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಸೋದರಮಾವ. ಹುಡುಗ ಲಾಯರ್ ಪರೀಕ್ಷೆ ಕಟ್ಟೋಕೆ ಫ್ರೆಂಚ್ ಬೇಕಿತ್ತು, ಹೇಳಿಕೊಡೋರು ಯಾರೂ ಇರಲಿಲ್ಲ, ಅದಕ್ಕೆ ಮಾವ ತಾನೇ ಪುಸ್ತಕ ಹಿಡಿದು ಕಲಿತು ಅಳಿಯನಿಗೆ ಕಲಿಸಿದರಂತೆ! 1890ರಲ್ಲಿ ಸಂಸತ್ತಿನ ಉಪಚುನಾವಣೆಯಲ್ಲಿ ಗೆದ್ದದ್ದು ಬರೀ 18 ಮತಗಳಿಂದ. ಆಮೇಲೆ ಹಣಕಾಸು ಮಂತ್ರಿ, 1916ರಲ್ಲಿ ಪ್ರಧಾನಿ.

1909ರಲ್ಲಿ ಒಂದು ಪತ್ರಿಕೆ ಇವರ ಬೇರೊಂದು ಸಂಬಂಧದ ಬಗ್ಗೆ ಬರೆದಾಗ ಕೇಸ್ ಹಾಕಿದರು. ಮಾರ್ಗರೆಟ್ ಕೋರ್ಟಿಗೆ ಬಂದು ಪಕ್ಕದಲ್ಲೇ ಕೂತರು. ಕೇಸ್ ಗೆದ್ದರು. ಫ್ರಾನ್ಸಿಸ್ ಸ್ಟೀವನ್ಸನ್ ಬಂದದ್ದು 1911ರಲ್ಲಿ, ಮಗಳು ಮೆಗನ್‌ಗೆ ಪಾಠ ಹೇಳೋಕೆ. 1913ರಿಂದ ಸೆಕ್ರೆಟರಿ, ಜೊತೆಗೆ ಪ್ರೇಯಸಿ ಕೂಡ. ಹೆಂಡತಿ ಹೆಚ್ಚಾಗಿ ವೇಲ್ಸ್‌ನಲ್ಲಿ, ಫ್ರಾನ್ಸಿಸ್ ಲಂಡನ್ನಿನಲ್ಲಿ. ಬಲ್ಲವರೆಲ್ಲ ಸುಮ್ನಿದ್ದರು, ಪತ್ರಿಕೆಗಳೂ ಅಷ್ಟೇ. ನಮ್ಮ ಮೈಸೂರಿನ ಅಗ್ರಹಾರದಲ್ಲಾಗಿದ್ದರೆ ಮಧ್ಯಾಹ್ನದೊಳಗೆ ಊರಿಗೆಲ್ಲ ಗೊತ್ತಾಗ್ತಿತ್ತು, ಅಲ್ವಾ?

1922ರಲ್ಲಿ ಕುರ್ಚಿ ಹೋಗಿದ್ದು ಇದರಿಂದ ಅಲ್ಲ, ಕನ್ಸರ್ವೇಟಿವ್ ಪಕ್ಷದವರು ಬೆಂಬಲ ವಾಪಸ್ ತಗೊಂಡಿದ್ದರಿಂದ. ದುಡ್ಡಿಗೆ ಬಿರುದು ಮಾರಿದ ಹಗರಣವೂ ಹೆಸರು ಕೆಡಿಸಿತ್ತು. ಮಾರ್ಗರೆಟ್ 1941ರಲ್ಲಿ ತೀರಿಕೊಂಡರು. ಫ್ರಾನ್ಸಿಸ್‌ನ ಮದುವೆಯಾಗಿದ್ದು 1943ರಲ್ಲಿ, 80ನೇ ವಯಸ್ಸಿಗೆ. ಮೆಗನ್‌ಗೆ ಆ ಮದುವೆ ಸುತರಾಂ ಇಷ್ಟ ಇರಲಿಲ್ಲ.