ಮುಂದಿನ ವಾರದ ಮಳೆ ಬೇರೆ, ಮುಂದಿನ ವರ್ಷದ ಬಿಸಿ ಬೇರೆ

ಓದುಗ ಮಿತ್ರರೇ,

ಹತ್ತು ದಿನದಾಚೆಯ ಮಳೆಯನ್ನೇ ಸರಿಯಾಗಿ ಹೇಳಲಾಗದವರು ಇಡೀ ಭೂಮಿಯ ಮುಂದಿನ ವರ್ಷದ ಸರಾಸರಿ ಉಷ್ಣಾಂಶವನ್ನು ಹೇಗೆ ಹೇಳುತ್ತಾರೆ ಅಂತ ಕೇಳಿದ್ದೀರಿ. 2007ರ ಮುನ್ಸೂಚನೆ ತಪ್ಪಿದ್ದನ್ನೂ ನೆನಪಿಸಿದ್ದೀರಿ. ನಿಮ್ಮ ಅನುಮಾನ ನ್ಯಾಯವಾದದ್ದೇ, ಆದರೆ ಇವೆರಡೂ ಒಂದೇ ಲೆಕ್ಕವಲ್ಲ.

ಮಳೆ ತರುವುದು ಗಾಳಿ, ಮೋಡ. ಅವುಗಳ ಆಟ ಒಂದೆರಡು ವಾರಕ್ಕೆಲ್ಲ ಬದಲಾಗಿಬಿಡುತ್ತದೆ. ಸಮುದ್ರ ಹಾಗಲ್ಲ, ಅದು ನಿಧಾನ. ಮೇಲಿನ ಎರಡೂವರೆ ಮೂರು ಮೀಟರ್ ನೀರು ಹಿಡಿದಿಟ್ಟುಕೊಳ್ಳುವಷ್ಟು ಶಾಖವೇ ಇಡೀ ವಾತಾವರಣದ್ದು ಅಂದರೆ ನೀವೇ ಊಹಿಸಿ. ಹಾಗಾಗಿ ಈಗ ನೀರಿನಲ್ಲಿ ಎಷ್ಟು ಬಿಸಿ ಎಲ್ಲಿದೆ ಅಂತ ಗೊತ್ತಾದರೆ ಮುಂದಿನ ಕೆಲವು ತಿಂಗಳಲ್ಲಿ ಗಾಳಿಗೆ ಏನು ಸಿಗುತ್ತದೆ ಅಂತ ಸುಮಾರಾಗಿ ಹೇಳಬಹುದು.

ಇದರಲ್ಲಿ ದೊಡ್ಡ ಪಾತ್ರ ಪೆಸಿಫಿಕ್ ಸಾಗರದ್ದು. ಸಮಭಾಜಕದ ಬಳಿ ಪೂರ್ವದಿಂದ ಬೀಸುವ ವಾಣಿಜ್ಯ ಮಾರುತಗಳು ಬಿಸಿ ನೀರನ್ನು ಪಶ್ಚಿಮಕ್ಕೆ ತಳ್ಳುತ್ತವೆ, ಎಷ್ಟರಮಟ್ಟಿಗೆ ಅಂದರೆ ಇಂಡೋನೇಷ್ಯಾದ ಕಡೆ ಸಮುದ್ರದ ಮಟ್ಟ ಈಕ್ವೆಡಾರ್ ಕಡೆಗಿಂತ ಸುಮಾರು ಅರ್ಧ ಮೀಟರ್ ಎತ್ತರ ಇರುತ್ತದೆ. ಗಾಳಿ ಸಡಿಲವಾದರೆ ಆ ಬಿಸಿ ವಾಪಸ್ ಹೊರಡುತ್ತದೆ. ಮೇಲ್ಮೈಯಲ್ಲಿ ಏನೂ ಕಾಣಿಸದಿದ್ದರೂ ಒಳಗೊಳಗೇ ಒಂದು ಅಲೆ ಪೂರ್ವಕ್ಕೆ ಸಾಗುತ್ತಿರುತ್ತದೆ, ಸಾಗರ ದಾಟಲು ಅದಕ್ಕೆ ಎರಡು ತಿಂಗಳಾದರೂ ಬೇಕು. ಅಲ್ಲಿ ಲಂಗರು ಹಾಕಿ ನಿಲ್ಲಿಸಿರುವ ಬೋಯಾಗಳು, ಅಂದರೆ ತೇಲುವ ಅಳತೆ ಉಪಕರಣಗಳು, 500 ಮೀಟರ್ ಆಳದವರೆಗೆ ಉಷ್ಣಾಂಶ ಅಳೆಯುತ್ತಿರುತ್ತವೆ. ಹೀಗೆ ಪೆಸಿಫಿಕ್‌ನ ಮಧ್ಯ, ಪೂರ್ವ ಭಾಗದ ಮೇಲ್ಮೈ ನೀರು ಬಿಸಿಯಾಗುವುದನ್ನೇ ಎಲ್ ನಿನೊ ಅನ್ನುತ್ತಾರೆ. ಅದು ಮೇಲೆ ಬರುವ ಮೊದಲೇ ಸುಳಿವು ಸಿಗುವುದು ಇದರಿಂದಲೇ. ನನಗಂತೂ ಈ ಇಡೀ ವಿಷಯದಲ್ಲಿ ಅತ್ಯಂತ ಬೆರಗು ಹುಟ್ಟಿಸುವ ಭಾಗ ಇದು.

ಇನ್ನು 2007. ಬ್ರಿಟನ್ನಿನ ಹವಾಮಾನ ಸಂಸ್ಥೆ ಮೆಟ್ ಆಫೀಸ್ ಅದು ದಾಖಲೆಯ ಬಿಸಿಯ ವರ್ಷವಾಗುವ ಸಾಧ್ಯತೆ ಶೇ. 60 ಅಂದಿತ್ತು. ವರ್ಷದ ಶುರುವಿನಲ್ಲಿ ಎಲ್ ನಿನೊ ಇತ್ತು, ನಿಜ. ಅದು ಬೇಗ ಇಳಿದು, ದ್ವಿತೀಯಾರ್ಧದಲ್ಲಿ ಅದಕ್ಕೆ ವಿರುದ್ಧವಾದ, ಅಂದರೆ ಅದೇ ನೀರು ತಣ್ಣಗಾಗುವ ಲಾ ನಿನಾ ಬಂತು. 2023ರಲ್ಲಿ ಉಲ್ಟಾ ಆಯಿತು. ಕೈಗಾರಿಕಾ ಯುಗದ ಹಿಂದಿನ ಮಟ್ಟಕ್ಕಿಂತ ಹೆಚ್ಚೆಂದರೆ 1.32 ಡಿಗ್ರಿ ಜಾಸ್ತಿ ಅಂದಿದ್ದರು, ಆಗಿದ್ದು ಸುಮಾರು 1.45. ಎಲ್ ನಿನೊ ಜೊತೆಗೆ ಉತ್ತರ ಅಟ್ಲಾಂಟಿಕ್ ಕೂಡ ಹಿಂದೆಂದೂ ಇಲ್ಲದಷ್ಟು ಬಿಸಿಯಾಗಿತ್ತು, ಯಾಕೆ ಅನ್ನುವ ಚರ್ಚೆ ಇನ್ನೂ ಮುಗಿದಿಲ್ಲ. ಆದರೆ 2024ಕ್ಕೆ 1.34ರಿಂದ 1.58 ಅಂದರು, ವಿಶ್ವ ಹವಾಮಾನ ಸಂಸ್ಥೆಯ ಲೆಕ್ಕದಲ್ಲಿ 1.55 ಬಂತು. ದಯವಿಟ್ಟು ಒಂದೇ ಅಂಕಿ ನೋಡಬೇಡಿ, ಆ ಎರಡು ಅಂಚುಗಳನ್ನು ನೋಡಿ.

ಲಾ ನಿನಾ ಬಂದರೆ ಭೂಮಿ ತಣ್ಣಗಾಗುತ್ತಿದೆ ಅಂತಲ್ಲವೇ ಎಂದೂ ಬರೆದಿದ್ದೀರಿ. ಅಲ್ಲ. ಲಾ ನಿನಾ ಇದ್ದ 2021, ಭಾರಿ ಎಲ್ ನಿನೊ ಕಂಡ 1998ಕ್ಕಿಂತ ಬಿಸಿಯಾಗಿತ್ತು. ಏರಿಳಿತ ಸಮುದ್ರದ್ದು, ಏರುತ್ತಲೇ ಇರುವ ನೆಲೆ ಹಸಿರುಮನೆ ಅನಿಲಗಳದ್ದು.

ಕೊನೆಯದಾಗಿ, ಮುಂದಿನ ವರ್ಷದ ಮುನ್ಸೂಚನೆಯನ್ನು ಡಿಸೆಂಬರಿನಲ್ಲೇ ಯಾಕೆ ಹೇಳುತ್ತಾರೆ ಅಂತ ಕೇಳಿದ್ದಿರಿ ಅಲ್ವಾ? ಎಲ್ ನಿನೊ ಸಾಮಾನ್ಯವಾಗಿ ವರ್ಷದ ಕೊನೆಗೆ ಜೋರಾಗುತ್ತದೆ, ಭೂಮಿಯ ಗಾಳಿ ಬಿಸಿಯಾಗುವುದು ಅದಾದ ಕೆಲವು ತಿಂಗಳಿಗೆ. ಅಂದರೆ ಡಿಸೆಂಬರಿನ ಸಮುದ್ರದಲ್ಲಿ ಮುಂದಿನ ವರ್ಷದ ಮೊದಲರ್ಧ ಆಗಲೇ ಅರ್ಧಂಬರ್ಧ ಕಾಣುತ್ತಿರುತ್ತದೆ. ಏಪ್ರಿಲ್ ದಾಟಿದ ಮೇಲೆ ಎಲ್ ನಿನೊ ಉಳಿಯುತ್ತದೋ, ಇಳಿಯುತ್ತದೋ, ಲಾ ನಿನಾಗೆ ತಿರುಗುತ್ತದೋ ಅನ್ನುವುದೇ ಕಷ್ಟದ ಭಾಗ. 2007ರಲ್ಲಿ ಎಡವಿದ್ದು ಅಲ್ಲೇ.

— ಸಂ.